ಹೆಜ್ಜೆ ಕಂಡವರ ಪಾಲು

ನಮ್ಮ ತವರುಮನೆಯಲ್ಲಿ ತೆಂಗಿನಕಾಯಿಯನ್ನು ಕಾಡುಹಂದಿಯಂತೆ ಪಾಲು ಹಾಕುತ್ತಾರೆ. ಹೊಡೆದವರಿಗೊಂದು ಪಾಲು, ಬಂದೂಕಿಗೊಂದು, ನಾಯಿಗೊಂದು, ಪಾಲು ಹಾಕುವ ಹೊತ್ತಿಗೆ ಆ ದಾರಿಯಲ್ಲಿ ಬಂದವರಿಗೊಂದು. ಮೊದಲ ಸಲ ನೋಡಿದವರು ನಗುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡನೂ ನಕ್ಕಿದ್ದರು. ಬೈಲಹೊಂಗಲದ ಹತ್ತಿ ವ್ಯಾಪಾರದ ಮನೆಯವರಿಗೆ ಇದೆಲ್ಲ ತಿಳಿಯುವುದಾದರೂ ಹೇಗೆ. ಆಮೇಲೆ ಅವರ ಕೈಗೆ ನಾಯಿಯ ಪಾಲಿಗಿಂತ ಸಣ್ಣದೊಂದು ಚೂರು ಬಂತು, ನಗು ನಿಂತಿತು.

ಸವದತ್ತಿಯ ಗುಡ್ಡದ ಮಗ್ಗುಲಲ್ಲಿ, ಉಗರಗೋಳದ ದಾರಿಗೆ ಹತ್ತಿಕೊಂಡು ನಮ್ಮ ಹೊಲ, ಹೊಲದಲ್ಲೇ ಮನೆ. ಅಪ್ಪನ ಹರೆಯದಲ್ಲಿ ಆ ಗುಡ್ಡಗಳಲ್ಲಿ ಬೇಟೆಗೆ ಯಾರ ಅಡ್ಡಿಯೂ ಇರಲಿಲ್ಲವಂತೆ. ಹಂದಿ, ಮೊಲ, ಕೌಜುಗ. ಹಬ್ಬದ ಮರುದಿನ ಊರಿಗೆ ಊರೇ ನಾಯಿ, ಬಲೆ, ಬಡಿಗೆ ಹಿಡಿದು ಹೊರಡುತ್ತಿತ್ತು. ಆಮೇಲೆ ಕಾನೂನು ಬಂತು. ಅಪ್ಪ ಬೇಟೆ ಬಿಟ್ಟರು. ಬಿಟ್ಟವರು ಬಿಟ್ಟೇಬಿಟ್ಟರು, ಕದ್ದುಮುಚ್ಚಿ ಗುಡ್ಡ ಹತ್ತುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಒಂಟಿ ನಳಿಗೆಯ ಬಂದೂಕು ಮಾತ್ರ ಮನೆಯಲ್ಲಿ ಉಳಿಯಿತು.

ಮುಂದಿನ ಖಂಡೇನವಮಿಗೆ, ಎಂದರೆ ಆಯುಧಪೂಜೆಗೆ, ಆ ಬಂದೂಕನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿದ ಮೇಲೆ ಅಪ್ಪನ ಕೈ ಸುಮ್ಮನಿರಲಿಲ್ಲ. ಒಂದು ತೆಂಗಿನಕಾಯಿಗೆ ಹಗ್ಗ ಬಿಗಿದು ಹೊಲದಂಚಿನ ಬೇವಿನ ಮರಕ್ಕೆ ಇಳಿಬಿಟ್ಟರು. ಹಿಂದೆ ಎತ್ತರದ ಮಣ್ಣಿನ ದಿಬ್ಬ. ಮೂವತ್ತು ಹೆಜ್ಜೆ ಎಣಿಸಿ ನಿಂತು ಒಂಟಿ ಗುಂಡಿನಲ್ಲಿ ಹೊಡೆದರು. ಕಾಯಿ ಚೂರಾಯಿತು. ಜೊತೆಗಿದ್ದ ಹಳೆಯ ಬೇಟೆಗಾರ ಗೆಳೆಯರು ಚೂರುಗಳನ್ನು ಆಯ್ದು ತಂದು, ಹಂದಿ ಬಿದ್ದಾಗ ಹೇಗೋ ಹಾಗೆಯೇ ಪಾಲು ಹಾಕಲು ಕುಳಿತರು. ಅಂದಿನಿಂದ ಪ್ರತಿ ವರ್ಷ, ಠಾಣೆಗೆ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆದು, ಇದು ನಡೆದುಕೊಂಡು ಬಂದಿದೆ. ಬೇಟೆ ಹೋಯಿತು, ಬೇಟೆಯ ಕಟ್ಟಳೆಗಳು ಹೋಗಲಿಲ್ಲ.

ಒಂದು ಕಟ್ಟಳೆ ಬಂದೂಕು ಎತ್ತುವ ಮುಂಚಿನದು. ಹಿಡಿಯಿಂದ ತುದಿಯ ತನಕ ನಳಿಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಬೇಕು, ಅದು ಈಗ ತಾನೇ ನೀನೇ ಒರೆಸಿಟ್ಟ ಬಂದೂಕಾದರೂ ಸರಿ. ಇನ್ನೊಂದು ಗುರಿ ತಪ್ಪಿದ ಮೇಲಿನದು. ತಪ್ಪಿದವರು ಎಲ್ಲರೆದುರು ಕಾರಣ ಹೇಳಬೇಕು. ಆ ಕಾರಣದಲ್ಲಿ ಬಂದೂಕು ಬರಬಾರದು, ಗಾಳಿ ಬರಬಾರದು, ಬಿಸಿಲು ಬರಬಾರದು. ತಾನು ಮಾತ್ರ ಬರಬೇಕು. ರಾಮದುರ್ಗದ ನಮ್ಮ ಸೋದರಮಾವ ಇದರಲ್ಲಿ ಪ್ರತಿ ವರ್ಷ ಸಿಕ್ಕಿಬೀಳುತ್ತಿದ್ದರು. ಅವರು ಮುಧೋಳ ತಳಿಯ ನಾಯಿ ಸಾಕಿದವರು. ಈಗ ಆ ನಾಯಿ ಓಡುವುದು ಬರೀ ಹೊಲದ ಬದುವಿನ ಮೇಲೆ, ಆದರೂ ಖಂಡೇನವಮಿಗೆ ಅದನ್ನು ಜೀಪಿನಲ್ಲಿ ಕೂರಿಸಿಕೊಂಡು ಬರುವುದು ತಪ್ಪುವುದಿಲ್ಲ.

ಒಮ್ಮೆ ಗುರಿ ತಪ್ಪಿದಾಗ ಅವರು, "ನಾಯಿ ಸೀನಿತರಿ, ಅದಕ್ಕ ಕೈ ಅಲುಗಿತು," ಎಂದರು.

"ಹಂಗಾದ್ರ ನಾಯಿ ಕೈಯಾಗ ಬಂದೂಕು ಕೊಡೂಣು, ನೀ ಸೀನು," ಎಂದರು ಅಪ್ಪ.

ಪಾಲುಗಳಲ್ಲಿ ನಾನು ಹೇಳದೆ ಬಿಟ್ಟದ್ದು ಒಂದಿದೆ: ಹೆಜ್ಜೆ ಕಂಡವರ ಪಾಲು. ಬೇಟೆಯಲ್ಲಿ ಮಿಕದ ಹೆಜ್ಜೆಯನ್ನು ಮೊದಲು ಕಂಡವರಿಗೆ, ಅವರು ಗುಂಡು ಹಾರಿಸಲಿ ಬಿಡಲಿ, ಒಂದು ಪಾಲು ಮೀಸಲು. ಹೊಡೆಯುವವರು ಊರಲ್ಲಿ ಹತ್ತು ಜನ ಸಿಗುತ್ತಾರೆ, ನೆಲ ನೋಡಿ ತಿಳಿಯುವವರು ಒಬ್ಬರೋ ಇಬ್ಬರೋ ಎಂದು ಅಪ್ಪ ಹೇಳುತ್ತಿದ್ದರು. ಆದರೆ ತೆಂಗಿನಕಾಯಿಗೆ ಕಾಲಿಲ್ಲ, ಹೆಜ್ಜೆ ಎಲ್ಲಿಂದ ಬರಬೇಕು. ಆದರೂ ಅಪ್ಪ ಆ ಪಾಲನ್ನು ತೆಗೆದೇ ತೆಗೆಯುತ್ತಿದ್ದರು. ಬೇವಿನ ಬುಡದಲ್ಲೊಂದು ಕಲ್ಲಿದೆ, ಅದರ ಮೇಲೆ ಇಟ್ಟುಬಿಡುತ್ತಿದ್ದರು. ಕಾಗೆಯೋ ಅಳಿಲೋ ಬಂದು ತಿನ್ನುತ್ತಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅದು ಯಾವ ಮನುಷ್ಯರ ಬಾಯಿಗೂ ಹೋದದ್ದನ್ನು ನಾನು ಕಂಡಿರಲಿಲ್ಲ.

ಆ ಪಾಲಿನ ಮೇಲೆ ನನಗೆ ಹನ್ನೆರಡನೆಯ ವಯಸ್ಸಿನಿಂದ ಕಣ್ಣು. ಮಳೆಗಾಲದ ರಜೆಯ ದಿನಗಳಲ್ಲಿ ಅಪ್ಪ ನನ್ನನ್ನೂ ನನ್ನ ತಮ್ಮನನ್ನೂ ಬರಿಗೈಯಲ್ಲಿ ಗುಡ್ಡ ಹತ್ತಿಸುತ್ತಿದ್ದರು. ಬಂದೂಕು ಇಲ್ಲ, ಬಡಿಗೆಯೂ ಇಲ್ಲ. ಹಳ್ಳದ ದಂಡೆಯ ಹಸಿ ಮಣ್ಣಿನಲ್ಲಿ ಯಾವುದು ಆಡಿನ ಗೊರಸು, ಯಾವುದು ಮೊಲದ ನೆಗೆತ, ನರಿ ಹೋದದ್ದು ಬೆಳಿಗ್ಗೆಯೋ ನಿನ್ನೆಯೋ, ಇದನ್ನೆಲ್ಲ ಓದಿಸುತ್ತಿದ್ದರು. ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನ ಲಕ್ಷ್ಯ ಕಾರೆಹಣ್ಣಿನ ಗಿಡಗಳ ಮೇಲೆ. ನಾನು ಮಾತ್ರ ನೆಲದಿಂದ ಕಣ್ಣು ಕೀಳುತ್ತಿರಲಿಲ್ಲ. ಒಂದು ದಿನ ಎರಡು ಗೊರಸು, ಅದರ ಹಿಂದೆ ಎರಡು ಸಣ್ಣ ಚುಕ್ಕೆ ಕಂಡವು. ಆಡಿಗೆ ಹಿಂದಿನ ಚುಕ್ಕೆ ಹಾಗೆ ಮೂಡುವುದಿಲ್ಲ.

"ಹಂದಿ," ಎಂದೆ.

ಅಪ್ಪ ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. "ಹೌದು, ಹಂದಿನ. ನಾ ದಾಟಿ ಹೋಗಿದ್ನಿ, ನೀ ಕಂಡಿ. ಹಿಂದಿನ ಕಾಲದಾಗ ಆಗಿದ್ರ ಇವತ್ತ ನಿನಗೊಂದು ಪಾಲು ಬರತಿತ್ತು ನೋಡವಾ."

"ಹಂಗಾದ್ರ ಕೊಡ್ರಿ."

"ಮಿಕಾ ಇಲ್ಲದ ಪಾಲು ಎಲ್ಲಿಂದ ತರ್ಲಿ?"

ಮನೆಗೆ ಬಂದು ನಾನು ಮಧ್ಯಾಹ್ನದ ರೊಟ್ಟಿ ಮುಟ್ಟಲಿಲ್ಲ. ತಮ್ಮ ತನ್ನ ಶೇಂಗಾ ಉಂಡಿಯಲ್ಲಿ ಅರ್ಧ ಮುರಿದು ಕೊಟ್ಟ. ಅದನ್ನು ತಿಂದೆ, ಆದರೆ ಸಿಟ್ಟು ಇಳಿಯಲಿಲ್ಲ. ನನ್ನ ಸಿಟ್ಟು ಇಳಿಯುವುದು ತಡ, ಇದು ನಮ್ಮ ಎರಡೂ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ನನ್ನ ಗುರಿಯ ಬಗ್ಗೆ ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳಿದರೆ ಕಡಿಮೆ ಹೇಳುತ್ತಾರೆ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೂ ಪ್ರತಿ ಖಂಡೇನವಮಿಗೆ ಹೋಗಿ ಅಪ್ಪನ ನಂತರ ಒಂದು ಗುಂಡು ಹೊಡೆದು ಬರುತ್ತಿದ್ದೆ. ವರ್ಷಕ್ಕೊಂದು ಗುಂಡು ಸಾಲಲಿಲ್ಲ. ಮಕ್ಕಳು ಕಾಲೇಜಿಗೆ ಹೋದ ವರ್ಷ ಏರ್‌ಗನ್ ಕೊಂಡೆ. ಹತ್ತಿ ಗೋದಾಮಿನ ಹಿಂದಿನ ಗೋಡೆಗೆ ಮರಳಿನ ಚೀಲ ಒಟ್ಟಿ, ದಾರಕ್ಕೆ ಬಾಟಲಿಯ ಮುಚ್ಚಳ ಕಟ್ಟಿ, ರವಿವಾರ ಬೆಳಿಗ್ಗೆ ಶುರು ಮಾಡಿದ್ದು ಈಗ ದೊಡ್ಡ ಬಳಗವೇ ಆಗಿದೆ. ಕಿತ್ತೂರಿನಿಂದ ಒಬ್ಬ ಮಾಸ್ತರರು ಹೆಂಡತಿಯನ್ನೂ ಕರೆದುಕೊಂಡು ಬರುತ್ತಾರೆ. ಮಾಸ್ತರರಿಗಿಂತ ಅವರ ಹೆಂಡತಿಯ ಕೈ ಚೆನ್ನಾಗಿದೆ, ಅದು ಮಾಸ್ತರರಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಸೋತವರು ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತರಿಸಬೇಕು. ಇಷ್ಟು ವರ್ಷಗಳಲ್ಲಿ ನಾನು ತರಿಸಿದ್ದು ಎರಡೇ ಸಲ. ಅದರಲ್ಲಿ ಒಂದು ಸಲ ನನಗೆ ಜ್ವರ ಇತ್ತು. ಜಿಲ್ಲಾ ಸ್ಪರ್ಧೆಯಲ್ಲಿ ನನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಚಾಳೀಸಿನ ಕನ್ನಡಕ ಹಾಕಿಕೊಂಡು ನಿಂತು ಎರಡನೆಯ ಸ್ಥಾನ ತಂದವಳು ನಾನು.

ಹೀಗಿರುವಾಗ ಅಪ್ಪನಿಗೆ ಎಂಬತ್ತು ಹತ್ತಿರ ಬಂತು. ಕಣ್ಣಿಗೆ ಪೊರೆ ಬಂದು ಆಪರೇಶನ್ ಆಯಿತು, ಭುಜ ಬಂದೂಕಿನ ಒದೆತ ತಡೆಯದಾಯಿತು. ಎಂ.ಕೆ. ಹುಬ್ಬಳ್ಳಿಯಲ್ಲಿ ಅಪ್ಪನ ಹಳೆಯ ಗೆಳೆಯರೊಬ್ಬರಿದ್ದಾರೆ, ಕಬ್ಬು ಬೆಳೆಯುವವರು; ನಾವು ಅವರನ್ನು ಕಾಕಾ ಎನ್ನುತ್ತೇವೆ. ಅವರ ಗದ್ದೆಗೆ ಹಂದಿಗಳು ನುಗ್ಗುತ್ತಿದ್ದ ಕಾಲದಲ್ಲಿ ಅಪ್ಪ ಹೋಗಿ ಸಂಜೆ ಅಟ್ಟದ ಮೇಲೆ ಕುಳಿತು ಹುಸಿ ಗುಂಡು ಹಾರಿಸಿ ಬೆದರಿಸಿ ಬರುತ್ತಿದ್ದರು. ಎರಡು ವರ್ಷದ ಹಿಂದೆ ಪಂಚಮಿಗೆ ನಾನು ತವರಿಗೆ ಹೋದಾಗ ಆ ಕಾಕಾ, ರಾಮದುರ್ಗದ ಮಾವ ಇಬ್ಬರೂ ಬಂದಿದ್ದರು. ಅವರ ಎದುರೇ ಅಪ್ಪ ಮಾತು ತೆಗೆದರು.

"ಲೈಸೆನ್ಸು ಇನ್ನ ನನ್ನ ಹೆಸರಿನಾಗ ಬ್ಯಾಡ. ಮಕ್ಕಳು ಇಬ್ರು ಅದಾರ, ಬಂದೂಕು ಒಂದ ಐತಿ. ಈ ಖಂಡೇನವಮಿಗೆ ಒಬ್ಬೊಬ್ಬರು ಒಂದೊಂದು ಗುಂಡು ಹೊಡೀರಿ. ಕಾಯಿ ಯಾರು ಒಡಿತಾರ, ಬಂದೂಕು ಅವರದು."

"ಇಬ್ರೂ ಒಡದ್ರ?" ಎಂದು ಕಾಕಾ ಕೇಳಿದರು.

"ಒಡದ್ರ ಮತ್ತೊಂದು ಕಾಯಿ ಕಟ್ಟೂಣು."

ಎಲ್ಲರೂ ತಮ್ಮನ ಕಡೆ ಕನಿಕರದಿಂದ ನೋಡಿದರು. ನನಗೂ ಕನಿಕರವಾಯಿತು, ಎಂದರೆ ಖುಷಿಯಾಯಿತು. ಏಕೆಂದರೆ ನನ್ನ ತಮ್ಮನ ಕೈಯಲ್ಲಿ ಕಾಯಿ ಒಡೆದದ್ದನ್ನು ಯಾರೂ ಕಂಡಿರಲಿಲ್ಲ. ಗುಡ್ಡದ ದಾರಿಯಲ್ಲಿ ಅವನದು ಕುಂಕುಮ, ಭಂಡಾರ, ಬಳೆ, ಕಾಯಿ ಕರ್ಪೂರದ ಅಂಗಡಿ. ಯಾತ್ರೆಗೆ ಬಂದವರಿಗೆ ನೀರು ಕೊಟ್ಟು, ಕೂರಿಸಿ, ಆಮೇಲೆ ಏನು ಬೇಕು ಎಂದು ಕೇಳುವ ಜಾತಿಯವನು. ಬಂದೂಕು ಹಿಡಿದರೆ ಕುದುರೆ ಒತ್ತುವ ಗಳಿಗೆಗೆ ಸರಿಯಾಗಿ ಅವನ ಕಣ್ಣು ಮುಚ್ಚುತ್ತದೆ, ನಳಿಗೆ ಮೇಲಕ್ಕೆ ನೆಗೆಯುತ್ತದೆ, ಗುಂಡು ಕಾಯಿಯ ಮೇಲಿಂದ ಹಾರಿ ದಿಬ್ಬದ ನೆತ್ತಿಗೆ ಹೋಗಿ ಕೂರುತ್ತದೆ. ಮೂವತ್ತು ವರ್ಷ ಹೀಗೆಯೇ. "ಕಾಗಿಗೆ ಹೊಡ್ಯಾಕತ್ತಿಯೋ, ಕಾಯಿಗೆ ಹೊಡ್ಯಾಕತ್ತಿಯೋ?" ಎಂದು ಅಪ್ಪ ಪ್ರತಿ ವರ್ಷ ಕೇಳುತ್ತಿದ್ದರು. ತಮ್ಮ ಪ್ರತಿ ವರ್ಷ, "ಹೆದರಿದ್ನಿರಿ," ಎಂದು ಕಟ್ಟಳೆಯ ಪ್ರಕಾರ ನಿಜವನ್ನೇ ಹೇಳುತ್ತಿದ್ದ.

ಖಂಡೇನವಮಿಯ ದಿನ ಬೆಳಿಗ್ಗೆ ನಾನು, ನನ್ನ ಗಂಡ ಬೈಲಹೊಂಗಲದಿಂದ ಹೋಗಿ ಇಳಿದೆವು. ಪಡಸಾಲೆಗೆ ಕಾಲಿಡುತ್ತಲೇ ಗೋಡೆಯಲ್ಲಿ ಹೊಸದೊಂದು ಕಪಾಟು ಕಂಡಿತು. ಸಾಗವಾನಿಯದು, ಉದ್ದಕ್ಕೆ, ಕಿರಿದಾಗಿ, ಎರಡು ಬೀಗ. ಅದರೊಳಗೆ ಬಂದೂಕು ಬಿಟ್ಟು ಬೇರೆ ಏನೂ ಹಿಡಿಯುವ ಹಾಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೆ ಏರಿತು.

"ಇದನ್ನ ಯಾರು ಮಾಡಿಸಿದ್ರು?"

"ನಾನ ಅಕ್ಕಾ," ಎಂದ ತಮ್ಮ. "ಬಂದೂಕು ಗ್ವಾಡಿಗೆ ತೂಗಹಾಕಿದ್ರ ಚಲೋ ಅಲ್ಲಂತ ಠಾಣಾದಾಗ ಅಂದ್ರು."

"ಚಲೋ ಮಾಡಿದಿ. ಬೈಲಹೊಂಗಲಕ್ಕ ಒಯ್ಯಾಕ ನನಗೂ ಒಂದು ಕಪಾಟು ಬೇಕಾಗಿತ್ತು. ಟೆಂಪೋ ಹೇಳತೇನಿ."

ಅವನು ನಕ್ಕ. ಸವದತ್ತಿಯ ಬಡಿಗೇರರ ಕಡೆ ಒಂದು ತಿಂಗಳು ಓಡಾಡಿ, ಬಂದೂಕಿನ ಅಳತೆಯನ್ನು ದಾರದಲ್ಲಿ ಹಿಡಿದುಕೊಂಡು ಹೋಗಿ ಮಾಡಿಸಿದ್ದಾನೆ ಎಂದು ನಾನು ಒಳಗೆ ಹೋದಾಗ ಅವನ ಹೆಂಡತಿ ಹೇಳಿದಳು. ಅವನಿಗೂ ಅದು ಎಷ್ಟು ಬೇಕಾಗಿದೆ ಎಂಬುದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಿತು ಕೂಡ. ತಿಳಿದದ್ದನ್ನು ಬದಿಗೆ ಸರಿಸಿ ಪೂಜೆಗೆ ಕುಳಿತೆ.

ಅವ್ವ ಹೋದ ಮೇಲೆ ಖಂಡೇಪೂಜೆ ನನ್ನದೇ. ಬಂದೂಕನ್ನು ಖಾಲಿ ಇದೆಯೇ ಎಂದು ನೋಡಿ, ಒಳಗೂ ಹೊರಗೂ ಒರೆಸಿ, ಎಣ್ಣೆ ಕೈ ಆಡಿಸಿ, ನಳಿಗೆಯಲ್ಲಿ ಮುಖ ಕಾಣುವ ಹಾಗೆ ಮಾಡಿದೆ. ಮಣೆಯ ಮೇಲೆ ಮಲಗಿಸಿ ಚೆಂಡುಹೂವು ಏರಿಸಿದೆ. ತಮ್ಮನ ಅಂಗಡಿಯದೇ ಕುಂಕುಮ. ಅದನ್ನು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಹಿಡಿಗೊಂದು, ಕುದುರೆಯ ಹತ್ತಿರ ಒಂದು, ತುದಿಗೊಂದು ಬೊಟ್ಟು ಇಟ್ಟೆ. ಗೆಲ್ಲುವ ದಿನ ಎಂದುಕೊಂಡು ತುದಿಯ ಬೊಟ್ಟನ್ನು ಸ್ವಲ್ಪ ಧಾರಾಳವಾಗಿಯೇ ಇಟ್ಟೆ. ಮೇಲೆ ಅಕ್ಷತೆ ಹಾಕಿ ಕೈ ಮುಗಿದೆ. ಪ್ರತಿ ವರ್ಷ ಪೂಜೆಯಾದ ಮೇಲೆ ಅಪ್ಪ ಬಂದು ಬಂದೂಕು ಎತ್ತಿಕೊಂಡು, ಧೋತರದ ಅಂಚಿನಿಂದ ಅದರ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಅಪ್ಪನ ಭಕ್ತಿ ಅಷ್ಟಕ್ಕಷ್ಟೇ, ವರ್ಷದಲ್ಲಿ ಆ ಒಂದು ಸಲ ಮಾತ್ರ ಅದನ್ನು ಕಂಡು ನನಗೆ ಹಿತವಾಗುತ್ತಿತ್ತು. ಆ ವರ್ಷ ಅವರು ಬರಲಿಲ್ಲ. ಕರಿ ಕನ್ನಡಕ ಹಾಕಿಕೊಂಡು ಆಗಲೇ ಬೇವಿನ ಮರದ ಕಡೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ತಮ್ಮನೇ ಮಣೆಯ ಮೇಲಿಂದ ಬಂದೂಕು ಎತ್ತಿಕೊಂಡು ಹೊರಗೆ ಹೋದ.

"ಕಟ್ಟಳಿ ಇಬ್ಬರಿಗೂ ಗೊತ್ತೈತಲ್ಲ?" ಎಂದರು ಅಪ್ಪ. ನಾವಿಬ್ಬರೂ ತಲೆಯಾಡಿಸಿದೆವು.

ಮೊದಲು ತಮ್ಮ. ಅವನ ಅಂಗಿಯ ಬೆನ್ನು ತೊಯ್ದಿತ್ತು. ನಳಿಗೆ ಸವರಿ ನೋಡುವುದು ಅವನಿಗೆ ಎಂದೂ ನೆನಪಾಗುವುದಿಲ್ಲ, ಅಂದೂ ಆಗಲಿಲ್ಲ. ಕಾಡತೂಸು ತುಂಬಿದ, ಎತ್ತಿದ, ಬಹಳ ಹೊತ್ತು ನಿಂತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿತು. ನಳಿಗೆ ನೆಗೆಯಿತು. ಸದ್ದಿನ ಹಿಂದೆಯೇ ಹಗ್ಗ ಖಾಲಿಯಾಗಿ ತೂಗಾಡುತ್ತಿತ್ತು, ಕಾಯಿ ಇರಲಿಲ್ಲ.

ಕಾಕಾ ಚಪ್ಪಾಳೆ ತಟ್ಟಿದರು, ಮಾವನ ನಾಯಿ ಬೊಗಳಿತು. ಅಪ್ಪ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಚಲೋ ಹೊಡದಿ, ಮಗನ," ಎಂದರು.

ನನ್ನ ತಮ್ಮನಿಗೆ ಆಗ ನಲವತ್ತೆಂಟು. ಬಂದೂಕಿನ ವಿಷಯದಲ್ಲಿ ಅಪ್ಪನ ಬಾಯಿಂದ ಅವನು ಕೇಳಿದ ಮೊದಲ ಒಳ್ಳೆಯ ಮಾತು ಅದು. ಅವನು ಬಂದೂಕನ್ನು ನನ್ನ ಕೈಗೆ ಕೊಟ್ಟು, ಮರದ ಹತ್ತಿರ ಹೋಗಿ ಬಗ್ಗಿ ಚೂರುಗಳನ್ನು ಆಯತೊಡಗಿದ.

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಕಾಕಾ ಎರಡನೆಯ ಕಾಯಿ ಕಟ್ಟಿ, ಎಲ್ಲರೂ ಹಿಂದೆ ಸರಿಯುವ ತನಕ ಕಾದು ನಿಂತದ್ದೇ ನನಗೆ ದೊಡ್ಡ ಕೆಲಸವಾಯಿತು. ನಳಿಗೆ ಸವರಿ ನೋಡಲಿಲ್ಲ. ಬೆಳಿಗ್ಗೆ ನಾನೇ ಒರೆಸಿದ ಬಂದೂಕು, ಇದರಲ್ಲಿ ನೋಡುವುದೇನು? ಹೊಸ ಕಾಡತೂಸು ತುಂಬಿ, ಎತ್ತಿ ಭುಜಕ್ಕೆ ಕೊಟ್ಟೆ. ತುದಿಯಲ್ಲಿ ಹಿತ್ತಾಳೆಯ ಗುರಿಮಣಿ ಇರುವಲ್ಲಿ ಏನೋ ಕೆಂಪಗೆ ಕಂಡಿತು. ಕಂಡದ್ದು ಖರೆ. ನನ್ನ ಬೊಟ್ಟು, ಶುಭ ಎಂದುಕೊಂಡೆ. ಉಸಿರು ಹಿಡಿದೆ, ಆ ಕೆಂಪನ್ನು ಕಾಯಿಯ ನಡುವಿಗೆ ತಂದು ನಿಲ್ಲಿಸಿದೆ, ಕುದುರೆ ಒತ್ತಿದೆ. ನನ್ನ ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ.

ಕಾಯಿಯ ಕೆಳಗೆ, ದಿಬ್ಬದಲ್ಲಿ ಮಣ್ಣು ಹಾರಿತು. ಕಾಯಿ ತನ್ನ ಪಾಡಿಗೆ ತಾನು ಮೆಲ್ಲಗೆ ತೂಗುತ್ತಿತ್ತು.

ಬಂದೂಕು ಇಳಿಸಿ ತುದಿ ನೋಡಿದೆ. ಗಟ್ಟಿ ಕುಂಕುಮದಲ್ಲಿ ಒಂದು ಅಕ್ಷತೆ ಕಾಳು ಗುರಿಮಣಿಯ ನೆತ್ತಿಯ ಮೇಲೆ ನೆಟ್ಟಗೆ ಅಂಟಿ ನಿಂತಿತ್ತು. ಎಲ್ಲವೂ ಒಂದೇ ಉಸಿರಿನಲ್ಲಿ ತಿಳಿಯಿತು. ಮಣಿ ಒಂದು ಕಾಳಿನಷ್ಟು ಎತ್ತರವಾಗಿತ್ತು. ಅದನ್ನು ಕಾಯಿಯ ನಡುವಿಗೆ ತರಲು ನಾನು ನಳಿಗೆಯನ್ನು ಅಷ್ಟು ತಗ್ಗಿಸಿದ್ದೆ. ಅಲುಗದ ಕೈ ಗುಂಡನ್ನು ಹೇಳಿದ ಜಾಗಕ್ಕೇ ಕಳಿಸಿತ್ತು, ಕಾಯಿಯ ಕೆಳಕ್ಕೆ. ತಮ್ಮನದು ಯಾವಾಗಲೂ ಮೇಲಕ್ಕೆ ಹಾರುವ ಗುಂಡು. ಅದೇ ಕಾಳು ಅದನ್ನು ಕೆಳಗಿಳಿಸಿ ಸರಿಯಾಗಿ ಕಾಯಿಗೆ ಮುಟ್ಟಿಸಿತ್ತು. ಮೂವತ್ತು ವರ್ಷದಲ್ಲಿ ಯಾರಿಗೂ ತಿದ್ದಲಾಗದ ಅವನ ಗುರಿಯನ್ನು ನಾನು ಪೂಜೆ ಮಾಡಿ ತಿದ್ದಿದ್ದೆ.

ಬಂದೂಕನ್ನು ಮಾವನ ಮೂಗಿನ ಮುಂದೆ ಹಿಡಿದು, "ಇದನ್ನ ನೋಡ್ರಿ," ಎಂದಿದ್ದರೆ ಸಾಕಿತ್ತು. ಅಲ್ಲಿದ್ದವರೆಲ್ಲ ಬಂದೂಕು ಬಲ್ಲವರು. ಎರಡೂ ಗುಂಡು ಲೆಕ್ಕಕ್ಕಿಲ್ಲ, ಒರೆಸಿ ಮತ್ತೆ ಹೊಡೆಯಿರಿ ಎನ್ನುತ್ತಿದ್ದರು. ಮತ್ತೆ ಹೊಡೆದರೆ ಏನಾಗುತ್ತದೆ ಎಂಬುದು ನನಗೂ ಗೊತ್ತಿತ್ತು, ಬೇವಿನ ಮರಕ್ಕೂ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಜೀವಮಾನದಲ್ಲಿ ನಾನು ಬೇಕು ಎಂದು ಹಟ ಹಿಡಿದ ವಸ್ತುಗಳು ಹೆಚ್ಚಿಲ್ಲ. ಆ ಬಂದೂಕು ನನಗೆ ಬೇಕಾಗಿತ್ತು. ಅಷ್ಟರಲ್ಲಿ ತಮ್ಮನ ಕಡೆ ನೋಡಿದೆ. ಅವನು ನನ್ನ ಗುಂಡು ತಪ್ಪಿದ್ದನ್ನು ಗಮನಿಸಿರಲೂ ಇಲ್ಲ. ಗುಂಡು ಹಾರಿದೊಡನೆ ಮರದ ಕಡೆ ಮರಳಿ ಹೋಗಿ, ಅಂಗಿಯ ಮುಂದಿನ ಅಂಚನ್ನು ಮಡಿಲು ಮಾಡಿಕೊಂಡು, ಬದುವಿನ ಹುಲ್ಲಿನಲ್ಲಿ ಮೊಣಕಾಲೂರಿ, ತಾನು ಒಡೆದ ಕಾಯಿಯ ಚೂರುಗಳನ್ನು ಒಂದೊಂದಾಗಿ ಹುಡುಕಿ, ಮಣ್ಣು ಊದಿ, ತುಂಬಿಕೊಳ್ಳುತ್ತಿದ್ದ.

ಅಪ್ಪ ಬಂದು ಬಂದೂಕು ತೆಗೆದುಕೊಂಡರು. ನಳಿಗೆಯನ್ನು ಮಡಚಿ ತೆರೆದು, ಖಾಲಿ ಕಾಡತೂಸು ಕೆಡವಿ, ಅಭ್ಯಾಸದಂತೆ ಹೆಬ್ಬೆರಳನ್ನು ನಳಿಗೆಯ ಉದ್ದಕ್ಕೂ ಆಡಿಸಿದರು. ತುದಿಗೆ ಬಂದು ಬೆರಳು ನಿಂತಿತು. ನನ್ನ ಮುಖ ನೋಡಲಿಲ್ಲ. ಧೋತರದ ಅಂಚು ಎತ್ತಿ ಮಣಿಯನ್ನು ಒರೆಸಿ, ಬಂದೂಕನ್ನು ಕಣ್ಣಿಗೊತ್ತಿಕೊಂಡರು. ಅವ್ವನ ಕಾಲದಿಂದ ನಾನು ಭಕ್ತಿ ಎಂದು ತಿಳಿದದ್ದು ಏನೆಂದು ಆಗ ತಿಳಿಯಿತು. ಪೂಜೆ ಮಾಡಿದವರ ಮನಸ್ಸು ನೋಯದಂತೆ ಅಪ್ಪ ಪ್ರತಿ ವರ್ಷ ಬೊಟ್ಟು ಒರೆಸಿಕೊಂಡೇ ಹೋಗುತ್ತಿದ್ದರು.

"ಯಾಕ ತಪ್ಪಿತವಾ?" ಎಂದು ಕೇಳಿದರು. ಕಟ್ಟಳೆ ಎಂದರೆ ಕಟ್ಟಳೆ.

ಎಲ್ಲರೂ ಕಾಯುತ್ತಿದ್ದರು. ಮಾವ ಅಂತೂ ನನ್ನ ಬಾಯಿಂದ ಒಂದು ನೆಪ ಬೀಳಲಿ ಎಂದು ಹಲ್ಲು ಕಿರಿದು ನಿಂತಿದ್ದರು.

"ಎತ್ತೂಕಿಂತ ಮೊದಲ ಸವರಿ ನೋಡ್ಲಿಲ್ಲರಿ ಅಪ್ಪಾ," ಎಂದೆ. "ನನಗ ನನ್ನ ಗುರಿ ಮ್ಯಾಲೆ ಸೊಕ್ಕು ಭಾಳ ಆಗಿತ್ತು."

"ಸವರಿ ನೋಡಿದ್ರ ಏನ್ ಸಿಗತಿತ್ತು?" ಎಂದರು ಮಾವ.

"ಏನಿಲ್ಲ ಮಾಮಾ. ಕಟ್ಟಳಿ ಮುರದೆ, ಗುರಿ ತಪ್ಪಿತು. ನಿಮ್ಮ ನಾಯಿ ಏನೂ ಸೀನಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎದೆಯೊಳಗೆ ಮಾತ್ರ ಕಾದ ಕಬ್ಬಿಣ ಇಟ್ಟಂತೆ ಆಗುತ್ತಿತ್ತು. ತಮ್ಮನಿಗೆ ಇದನ್ನು ನಾನು ಇಂದಿಗೂ ಹೇಳಿಲ್ಲ. ಅವನು ಕುಂಕುಮದ ಪೊಟ್ಟಣ ಕಟ್ಟುವ ಕಾಗದದ ಮೇಲೆ ಅಚ್ಚಾದದ್ದನ್ನೂ ಓದುವವನಲ್ಲ. ಅಕಸ್ಮಾತ್ ಇದನ್ನು ಓದಿದರೆ ಮುಂದಿನ ಖಂಡೇನವಮಿಗೆ ಎರಡು ಕಾಯಿ ಕಟ್ಟಲಿ, ನಾನು ಬರುತ್ತೇನೆ. ಪೂಜೆಯೂ ನನ್ನದೇ ಇದೆ. ಬೊಟ್ಟು ಈಗ ಎರಡೇ ಕಡೆ ಇಡುತ್ತೇನೆ.

ಪಾಲು ಹಾಕಲು ಬೇವಿನ ಬುಡದಲ್ಲಿ ಟವೆಲು ಹಾಸಿ ಕುಳಿತೆವು. ಅಪ್ಪ ಚೂರುಗಳನ್ನು ಸರಿ ಮಾಡಿ ಇಟ್ಟರು. ಕಾಯಿಯ ಕಣ್ಣಿದ್ದ ದೊಡ್ಡ ಹೋಳು, ಹೊಡೆದವರ ಪಾಲು, ತಮ್ಮನಿಗೆ ಹೋಯಿತು. ಬಂದೂಕಿನ ಪಾಲನ್ನು ಅಪ್ಪ ಇಷ್ಟು ವರ್ಷ ತಾವೇ ತೆಗೆದುಕೊಳ್ಳುತ್ತಿದ್ದರು. ಅದನ್ನೂ ತಮ್ಮನ ಕೈಗೆ ಹಾಕಿ, "ಇನ್ನ ಮ್ಯಾಲೆ ಇದೂ ನಿಂದ," ಎಂದರು. ತಮ್ಮನಿಗೆ ಈಗ ಕಣ್ಣಲ್ಲಿ ನೀರು ಬಂದೇ ಬಂತು. ನಾಯಿ ತನ್ನದನ್ನು ಗಾಳಿಯಲ್ಲೇ ಹಿಡಿಯಿತು. ಗುಡ್ಡಕ್ಕೆ ಹೋಗುತ್ತಿದ್ದ ಮುದುಕಿಯೊಬ್ಬಳನ್ನು ಕಾಕಾ ಕೂಗಿ ಕರೆದು ದಾರಿಯವರ ಪಾಲು ಕೊಟ್ಟರು. ಉಳಿದ ಸಣ್ಣ ಚೂರುಗಳು ಎಲ್ಲರಿಗೂ ಹಂಚಿಹೋದವು, ನನ್ನ ಗಂಡನಿಗೆ ಎಂದಿನಂತೆ ಎಲ್ಲಕ್ಕಿಂತ ಸಣ್ಣದು. ಕೊನೆಗೆ ಒಂದು ಹೋಳು ಟವೆಲಿನ ಮೇಲೆ ಉಳಿಯಿತು. ಅಪ್ಪ ಅದನ್ನು ಎತ್ತಿಕೊಂಡರು. ಅವರ ಕೈ ರೂಢಿಯಂತೆ ಕಲ್ಲಿನ ಕಡೆ ಹೋಯಿತು. ಅಲ್ಲಿಂದ ತಿರುಗಿ ನನ್ನ ಮುಂದೆ ಬಂದು ನಿಂತಿತು.

"ಹೆಜ್ಜಿ ಕಂಡಾಕಿ ಪಾಲು," ಎಂದರು.

"ಕಾಯಿಗೆ ಎಲ್ಲಿಂದ ಬಂತರಿ ಹೆಜ್ಜಿ?" ಎಂದು ಮಾವ ದೊಡ್ಡದಾಗಿ ನಕ್ಕರು.

"ಇತ್ತು," ಎಂದರು ಅಪ್ಪ. ಅವರ ಬಿಳಿ ಧೋತರದ ಅಂಚಿನಲ್ಲಿ ಕೆಂಪು ಬೊಟ್ಟು ಹಾಗೆಯೇ ಇತ್ತು.

ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ. ತಮ್ಮ ತನ್ನ ಎರಡೂ ಪಾಲು ಮಡಿಲಲ್ಲಿಟ್ಟುಕೊಂಡು, ಚಿಕ್ಕಂದಿನ ಹಾಗೆ, ನನ್ನದರಲ್ಲೂ ಒಂದು ಚೂರು ಕೊಡು ಎಂದು ಕೈ ಚಾಚಿದ. ಕೊಡಲಿಲ್ಲ. ಅಲ್ಲೇ ಬೇವಿನ ಬುಡದಲ್ಲಿ ನಿಂತು ಚಿಪ್ಪು ಕಾಣುವ ತನಕ ಒಬ್ಬಳೇ ತಿಂದೆ.